ನಾಲ್ವರ ನಡುವಿನ ನೀಲಿ

ನಾರಾಯಣಪೇಟೆ, ಗದ್ವಾಲ ಎಂದರೆ ನಮ್ಮ ಕಾಸರಗೋಡಿನ ಮನೆಗಳಲ್ಲಿ ಸೀರೆಯ ನೆನಪು. ಅಲ್ಲಿಯೂ ಕನ್ನಡದ ಮನೆಗಳಿವೆ ಎಂಬುದು ಅನೇಕರಿಗೆ ತಿಳಿಯದು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಅದೇ ದಿನ ಆಂಧ್ರಪ್ರದೇಶಕ್ಕೆ ಸೇರಿತು. 2014ರಿಂದ ಅದು ತೆಲಂಗಾಣ. ಮಕ್ತಲದಿಂದ ಕೃಷ್ಣಾ ನದಿಯತ್ತ ಹೋದರೆ ಕನ್ನಡ ಮಾಧ್ಯಮದ ಶಾಲೆಗಳೂ ಸಿಗುತ್ತವೆ.

ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನಾನು ಮಕ್ತಲದ ನಂಟರ ಮನೆಗೆ ಹೋಗಿದ್ದೆ. ಅಂಥ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಇಂಟರ್‌ಮೀಡಿಯೆಟ್ ಸೇರಿದ್ದ ಮನೆಯ ಹುಡುಗಿ ಕೇಳಿದಳು: "ಅಜ್ಜಾ, ಕೋಬಾಲ್ಟ್ ಕ್ಲೋರೈಡಿನ ಗುಲಾಬಿ ನೀರಿಗೆ ಆ್ಯಸಿಡ್ ಹಾಕಿದ್ರ ನೀಲಿ ಯಾಕಾಗ್ತದ್ರಿ?" ಉತ್ತರ ಅವಳ ಇಂಗ್ಲಿಷ್ ಪುಸ್ತಕದಲ್ಲಿತ್ತು, ಬಾಯಿಪಾಠವೂ ಆಗಿತ್ತು. ಅರ್ಥವನ್ನು ಮಾತ್ರ ಅವಳು ಕನ್ನಡದಲ್ಲಿ ಕೇಳಿದಳು.

ಬಣ್ಣವೆಂದರೆ ವಸ್ತು ಹೀರಿ ಬಿಟ್ಟ ಬೆಳಕಿನ ಶೇಷ. ನೀರಿನಲ್ಲಿ ಕೋಬಾಲ್ಟ್ ಅಯಾನಿನ ಸುತ್ತ ಆರು ನೀರಿನ ಅಣುಗಳಿರುತ್ತವೆ: ಮುಂದೆ, ಹಿಂದೆ, ಎಡ, ಬಲ, ಮೇಲೆ, ಕೆಳಗೆ. ಆಗ ಅದು 510 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಅಲ್ಪವಾಗಿ ಹೀರುತ್ತದೆ, ಕಣ್ಣಿಗೆ ತಿಳಿಗುಲಾಬಿ. ಗಾಢ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದರೆ ನೀರಿನ ಅಣುಗಳು ಸರಿದು ನಾಲ್ಕು ಕ್ಲೋರೈಡುಗಳು ಬರುತ್ತವೆ. ಒಲೆಯ ಮೂರು ಗುಂಡು, ಮೇಲೊಂದು ಗುಂಡು, ನಡುವೆ ಕೋಬಾಲ್ಟ್. ಇದೇ ಚತುರ್ಮುಖಿ. ಇಲ್ಲಿ ಇಲೆಕ್ಟ್ರಾನಿನ ಶಕ್ತಿಮಟ್ಟಗಳ ಅಂತರ ಕಿರಿದು. ಹೀರಿಕೆಯ ಮೂರು ಪಟ್ಟೆಗಳಲ್ಲಿ ಎರಡು ಕಣ್ಣಿಗೆ ಕಾಣದ ಅವಕೆಂಪಿಗೆ ಸರಿಯುತ್ತವೆ. ಮೂರನೆಯದು 600ರಿಂದ 700 ನ್ಯಾನೊಮೀಟರಿನ ಕಿತ್ತಳೆ-ಕೆಂಪನ್ನು ನುಂಗುತ್ತದೆ. ಉಳಿಯುವುದು ನೀಲಿ.

ಈ ಹೀರಿಕೆ ಮೊದಲಿನದಕ್ಕಿಂತ ಸುಮಾರು ನೂರು ಪಟ್ಟು ಪ್ರಬಲ. ಆರರ ಕೂಟದಲ್ಲಿ ಪ್ರತಿಯೊಬ್ಬರಿಗೂ ನೇರ ಎದುರಿಗೊಬ್ಬರಿದ್ದಾರೆ. ಅಂಥ ಸಮತೋಲವಿದ್ದಲ್ಲಿ ಇಲೆಕ್ಟ್ರಾನು ಒಂದು ಡಿ-ಕಕ್ಷಕದಿಂದ ಇನ್ನೊಂದಕ್ಕೆ ಜಿಗಿಯಲು ಕ್ವಾಂಟಂ ನಿಯಮದ ತಡೆಯಿದೆ. ಅಣುವಿನ ಕಂಪನದಿಂದ ಅದು ತುಸುವೇ ಸಡಿಲುತ್ತದೆ. ನಾಲ್ಕರ ಕೂಟದಲ್ಲಿ ಎದುರು ಬದಿ ಖಾಲಿ. ಡಿ-ಕಕ್ಷಕದಲ್ಲಿ ಪಿ-ಕಕ್ಷಕದ ಅಂಶ ಬೆರೆತು ತಡೆ ಸಡಿಲಾಗುತ್ತದೆ. ನೀಲಿ ಗಾಜಿನಲ್ಲಿ ಚಿಟಿಕೆ ಕೋಬಾಲ್ಟ್ ಸಾಕಾಗುವುದು ಇದರಿಂದಲೇ. ಮತ್ತೆ ನೀರು ಬೆರೆಸಿದರೆ ಗುಲಾಬಿ ಮರಳುತ್ತದೆ. ಕೋಬಾಲ್ಟ್ ಎಲ್ಲೂ ಹೋಗಿರುವುದಿಲ್ಲ. ಗಡಿನಾಡಿನವರಿಗೆ ಈ ಮಾತು ಬೇಗ ಮನಸ್ಸಿಗೆ ಹತ್ತುತ್ತದೆ.

ಚತುರ್ಮುಖಿ ಕೋಬಾಲ್ಟ್ ಸಂಕೀರ್ಣಗಳ ಇಲೆಕ್ಟ್ರಾನು ರಚನೆಯನ್ನು ಅಮೆರಿಕದ ಎಫ್. ಎ. ಕಾಟನ್ ಮತ್ತು ಸಂಗಡಿಗರು ವಿವರಿಸಿದ ಪ್ರಬಂಧ ಪ್ರಕಟವಾದದ್ದು 1961ರಲ್ಲಿ. ಅದೇ ವರ್ಷ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರು ನೇರಳಾತೀತ ಮತ್ತು ಗೋಚರ ರೋಹಿತಗಳನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥ ಹೊರಬಂತು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಅವರು ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮನೆಯಲ್ಲಿ ತಂದೆ ಇಂಗ್ಲಿಷನ್ನೂ ರೂಢಿ ಮಾಡಿಸಿದ್ದರು. ಎರಡೂ ಅವರಿಗೆ ಒದಗಿದವು.

ನಮ್ಮ ಮಕ್ಕಳಿಗೆ ಇಂಗ್ಲಿಷ್ ಬೇಡವೆಂದು ನಾನು ಹೇಳಲಾರೆ. ಅದು ಅನ್ನದ ದಾರಿ. ಆದರೆ ಹತ್ತನೆಯ ತರಗತಿ ದಾಟಿದೊಡನೆ 'ಯಾಕೆ' ಎಂದು ಕೇಳುವ ಭಾಷೆಯೇ ಕೈತಪ್ಪಿದರೆ, ಉಳಿಯುವುದು ಬಾಯಿಪಾಠ. ಕೃಷ್ಣೆಯ ದಡದಲ್ಲಾಗಲಿ ಚಂದ್ರಗಿರಿ ಹೊಳೆಯ ದಡದಲ್ಲಾಗಲಿ, ಮಕ್ಕಳು ಮನೆಮಾತಿನಲ್ಲಿ ಕೇಳಿದ್ದಕ್ಕೆ ಮನೆಮಾತಿನಲ್ಲಿಯೇ ಉತ್ತರ ಹೇಳಬಲ್ಲ ಹಿರಿಯರು ಊರಿಗೊಬ್ಬರಾದರೂ ಬೇಕು. ಪಾಠ ಹೇಳಿ ನಿವೃತ್ತರಾದ ನಮ್ಮಂಥವರಿಗೆ ಸಂಜೆ ಹೊತ್ತು ಇದ್ದೇ ಇದೆ.