ಕೊಲಾಬಾದ ಗೋಡೆ, ಮಂಗಳೂರಿನ ಬಣ್ಣ

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಮಂಗಳೂರಿನ ಹುಡುಗನೊಬ್ಬ ಬಾಡಿಗೆಗಿದ್ದಾನೆ. ಜಾಹೀರಾತು, ಕಾರ್ಟೂನ್ ಚಿತ್ರಗಳಿಗೆ ಸ್ಟೋರಿಬೋರ್ಡ್ ಬರೆಯುವುದು ಅವನ ಕೆಲಸ. ಭಾನುವಾರ ಬೆಳಿಗ್ಗೆ ಹತ್ತಿರದ ಇಗರ್ಜಿಯಲ್ಲಿ ಪೂಜೆ, ಹಾಡುವವರ ಗುಂಪಿನಲ್ಲೂ ಇದ್ದಾನೆ. ಹೋದ ತಿಂಗಳು ಒಂದು ದಿನ, "ಆಂಟಿ, ಕೊಲಾಬಾಕ್ಕೆ ಹೋಗುವ, ಬನ್ನಿ. ನಮ್ಮ ಊರಿನ ಪೇಂಟರ್ ಮಾಡಿದ ಕೆಲಸ ಉಂಟು ಅಲ್ಲಿ" ಎಂದ.

ಊರಿನ ಪೇಂಟರ್ ಎಂದರೆ ಇಟಲಿಯವನು! ಬರ್ಗಮೊ ಬಳಿ 1854ರಲ್ಲಿ ಹುಟ್ಟಿದ ಆಂತೋನಿಯೊ ಮೊಸ್ಕೇನಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿದವರಿಗೆ ಹೆಸರು ಗೊತ್ತಿಲ್ಲದಿದ್ದರೂ ಅವನ ಕೈ ಗೊತ್ತಿರುತ್ತದೆ. ಧಾರವಾಡದ ನಮ್ಮ ಶಾಲೆಯ ಟ್ರಿಪ್ಪಿನಲ್ಲಿ ನಾನೂ ಅಲ್ಲಿ ಕತ್ತೆತ್ತಿ ನಿಂತು ಕುತ್ತಿಗೆ ನೋಯಿಸಿಕೊಂಡಿದ್ದೆ. ಗೋಡೆಯಿಂದ ಛಾವಣಿಯವರೆಗೆ ಚಿತ್ರವಿಲ್ಲದ ಜಾಗವೇ ಇಲ್ಲ.

ಚರ್ಚ್‌ಗೇಟ್‌ನಲ್ಲಿ ಇಳಿದು ರೀಗಲ್ ಸಿನಿಮಾದವರೆಗೆ ನಡೆದೆವು. ಭಾನುವಾರವಾದ್ದರಿಂದ ಫೋರ್ಟ್ ಕಡೆ ರಸ್ತೆಗಳು ಖಾಲಿ. ದಾರಿಯಲ್ಲಿ ಕೇಳಿದೆ, "ರೊಕ್ಕ ಬಂತೇನಪಾ?" ಮೂರು ತಿಂಗಳ ಹಿಂದೆ ಮುಗಿಸಿಕೊಟ್ಟ ಕೆಲಸವೊಂದರ ಹಣ ಇನ್ನೂ ಬಂದಿರಲಿಲ್ಲ.

"ಇಲ್ಲ. ಅಪ್ಪ ಫೋನು ಮಾಡಿದ್ರೆ ಅದೇ ಮಾತು, ಗಲ್ಫಿಗೆ ಹೋಗು ಅಂತ. ಅಮ್ಮ ತೇರ್ಸ ಮಾಡ್ತಾ ಇದ್ದಾರೆ. ಯಾವುದಕ್ಕೆ ಅಂತ ಕೇಳ್ಲಿಲ್ಲ ನಾನು, ಗಲ್ಫಿಗೂ ಇರಬಹುದು" ಎಂದು ನಕ್ಕ.

ಹೋಲಿ ನೇಮ್ ಕ್ಯಾಥೆಡ್ರಲ್ ಹೊರಗಿನಿಂದ ಮುಂಬಯಿಯ ಹಳೆಯ ಕಲ್ಲು ಕಟ್ಟಡಗಳಲ್ಲಿ ಇನ್ನೊಂದು, ಅಷ್ಟೇ. ಎರಡು ಗೋಪುರ. ಎಷ್ಟೋ ಸಲ ಮುಂದೆಯೇ ಹಾದು ಹೋಗಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಪೂಜೆ ಮುಗಿದು ಜನ ಚದುರಿದ ಮೇಲೆ ಒಳಗೆ ಹೋಗಿ ತಲೆ ಎತ್ತಿದೆ. ಅದೇ ಹಳೆಯ ಕುತ್ತಿಗೆ ನೋವು!

ಹುಡುಗ ಮಾತ್ರ ಕಸುಬಿನವನ ಕಣ್ಣಲ್ಲಿ ನೋಡುತ್ತಿದ್ದ. ಫ್ರೆಸ್ಕೊ ಎಂದರೆ ಏನೆಂದು ನನಗೆ ಬಿಡಿಸಿ ಹೇಳಿದ. ಗೋಡೆಗೆ ಸುಣ್ಣದ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಬಣ್ಣ ಹಾಕಬೇಕು. ಗಾರೆ ಒಣಗುತ್ತ ಬಣ್ಣವನ್ನು ಹೀರಿ ಹಿಡಿದುಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ಮುಗಿಸಬಹುದೋ ಅಷ್ಟಕ್ಕೇ ಗಾರೆ. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. "ಅನ್‌ಡೂ ಇಲ್ಲ ಆಂಟಿ" ಎಂದ. ಕರಾವಳಿಯ ಸೆಕೆಯಲ್ಲಿ, ಅಟ್ಟಣೆ ಮೇಲೆ ನಿಂತು ಒಬ್ಬ ಮನುಷ್ಯ ಹೀಗೆ ಇಡೀ ಚಾಪೆಲ್ ತುಂಬಿಸಿದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಮೊಸ್ಕೇನಿ ಊರಿಗೆ ಮರಳಲಿಲ್ಲ. ಈ ಕ್ಯಾಥೆಡ್ರಲ್ ತೆರೆದ 1905ರಲ್ಲೇ ಕೊಚ್ಚಿಯಲ್ಲಿ ತೀರಿಕೊಂಡ, 51ನೇ ವಯಸ್ಸಿಗೆ.

ಬೆಂಚಿನ ಮೇಲೆ ಕೂತು, "ನಿನಗೂ ಅಂಥ ನಂಬಿಕೆ ಐತಲ್ಲ?" ಅಂದೆ. ಧೈರ್ಯ ಹೇಳುವ ಉದ್ದೇಶ ನನ್ನದು.

"ಅವರು ಜೆಸ್ವಿತ್ ಬ್ರದರ್ ಅಲ್ವಾ ಆಂಟಿ. ಅವರಿಗೆ ಬಾಡಿಗೆ ಕಟ್ಟಲಿಕ್ಕೆ ಇರ್ಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಅವನೇ ಮುಂದುವರಿದ. ಅವನಿಗೆ ಹತ್ತಿರದವನು ಗೋವಾದ ಆಂಜೆಲೊ ದ ಫೊನ್ಸೆಕನಂತೆ. 1902ರಲ್ಲಿ ಹುಟ್ಟಿದವನು. ಡಾಕ್ಟರಿಕೆ ಓದು ಬಿಟ್ಟು ಶಾಂತಿನಿಕೇತನಕ್ಕೆ ಹೋಗಿ ಚಿತ್ರ ಕಲಿತ. ಮೇರಿಗೆ ಸೀರೆ ಉಡಿಸಿ, ನಮ್ಮ ಹೆಣ್ಣುಮಕ್ಕಳ ಮೈಬಣ್ಣ ಕೊಟ್ಟು ಬರೆದ. ಅಂದಿನ ಗೋವಾದ ಭಕ್ತರಿಗೆ ಅದು ಸೇರಲಿಲ್ಲ. ಅವನು ಊರು ಬಿಟ್ಟು ಪುಣೆಯ ಕ್ರಿಸ್ತ ಪ್ರೇಮ ಸೇವಾ ಆಶ್ರಮ ಸೇರಿ ಬರೆಯುತ್ತಲೇ ಹೋದ, 1967ರಲ್ಲಿ ತೀರಿಕೊಳ್ಳುವವರೆಗೂ. ಇಂದು ಅವನ ಚಿತ್ರಗಳನ್ನು ನೋಡಬೇಕೆಂದರೆ ಗೋವಾದ ಪೊರ್ವೊರಿಮ್‌ನ ಕ್ಸೇವಿಯರ್ ಸಂಶೋಧನಾ ಕೇಂದ್ರಕ್ಕೇ ಹೋಗಬೇಕು. ಬಿಟ್ಟುಹೋದ ಊರಿಗೆ ಚಿತ್ರಗಳು ವಾಪಸು ಬಂದಿವೆ.

ಆಮೇಲೆ ಹುಡುಗ ಮೊಬೈಲಿನಲ್ಲಿ ತನ್ನದೊಂದು ಚಿತ್ರ ತೋರಿಸಿದ. ಬಂದರಿನ ಬೆಳಗು. ತಲೆಯ ಮೇಲೆ ಮೀನಿನ ಬುಟ್ಟಿ, ಸೊಂಟದಲ್ಲಿ ಮಗು ಹೊತ್ತ ಹೆಂಗಸು. ಮಗುವಿನ ತಲೆಯ ಹಿಂದೆ ಬೆಳಕಿನ ಉಂಗುರವಿರದಿದ್ದರೆ ಅದು ಮೇರಿಯೆಂದು ನನಗೆ ತಿಳಿಯುತ್ತಿರಲಿಲ್ಲ. ಊರಿನಲ್ಲಿ ಒಬ್ಬಿಬ್ಬರು ಹಿರಿಯರು, "ಮೀನು ಮಾರಲಿಕ್ಕೆ ಬೇರೆ ಯಾರೂ ಸಿಗ್ಲಿಲ್ವಾ ನಿನಗೆ?" ಎಂದು ಕೇಳಿದ್ದರಂತೆ. ಅಪ್ಪನಿಗೂ ಬೇಸರ. "ಜೋಸೆಫ್ ಬಡಗಿ ಅಲ್ವಾ, ಮನೆಗೆ ಅಷ್ಟರಲ್ಲಿ ಸಾಲ್ತಿತ್ತಾ?" ಎಂದು ಇವನು ಕೇಳಿದ್ದಕ್ಕೆ ಅಪ್ಪ ಫೋನಿಟ್ಟರು.

"ಬಿಡೋದು ಬ್ಯಾಡ" ಎಂದೆ. ಹೇಳುವುದು ಸುಲಭ; ಅವನ ಬಾಡಿಗೆ ನಾನು ಕಟ್ಟುವುದಿಲ್ಲವಲ್ಲ.

"ಬಿಡುದಿಲ್ಲ. ಡಿಸೆಂಬರ್‌ವರೆಗೆ ನೋಡ್ತೇನೆ ಅಂತ ದೇವರ ಹತ್ರ ಹೇಳಿದ್ದೇನೆ. ಅಪ್ಪನ ಹತ್ರ ಮಾರ್ಚ್ ಅಂತ ಹೇಳಿದ್ದೇನೆ."

ಬರುವಾಗ ಕಾಲಾ ಘೋಡಾದ ಜಹಾಂಗೀರ್ ಗ್ಯಾಲರಿಗೆ ಹೊಕ್ಕೆವು. ಅಲ್ಲಿ ಪ್ರದರ್ಶನಕ್ಕೆ ಜಾಗ ಸಿಗಲು ವರ್ಷಗಟ್ಟಲೆ ಸರದಿ ಕಾಯಬೇಕೆಂಬುದು ಮುಂಬಯಿಯ ಕಲಾವಿದರಿಗೆಲ್ಲ ಗೊತ್ತು. ಹುಡುಗ ನೇರ ಕಚೇರಿಯತ್ತ ನಡೆದ, ಅರ್ಜಿ ಹಾಕುವುದು ಹೇಗೆಂದು ವಿಚಾರಿಸಲು. ನಾನು ಮೆಟ್ಟಿಲ ಮೇಲೆ ಕೂತು ಕುತ್ತಿಗೆ ನೀವಿಕೊಂಡೆ.