ತಾರ್ನಾಕದ ಮಾಳಿಗೆಯಲ್ಲಿ ಸುಮಲಕ್

2015ರಲ್ಲಿ ಯುಗಾದಿ ಬಂದದ್ದು ಮಾರ್ಚ್ 21ಕ್ಕೆ. ಉಜ್ಬೇಕಿಸ್ತಾನದ ನವ್ರೂಜ್ ಕೂಡ ಅವತ್ತೇ. ಅವರ ಹೊಸ ವರ್ಷ ಸೂರ್ಯನ ಲೆಕ್ಕದ್ದು, ಆ ತಾರೀಕು ಬಿಟ್ಟು ಅಲ್ಲಾಡುವುದಿಲ್ಲ. ನಮ್ಮದು ಚಾಂದ್ರಮಾನ, ಮಾರ್ಚ್ ಏಪ್ರಿಲ್ ನಡುವೆ ಓಡಾಡುತ್ತಿರುತ್ತದೆ. ಎರಡೂ ಹೀಗೆ ಕೂಡಿಬರುವುದು ಅಪರೂಪ.

ಆಗ ನಮ್ಮ ಮನೆ ಹೈದರಾಬಾದಿನ ತಾರ್ನಾಕದಲ್ಲಿ. ಪಕ್ಕದ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯಕ್ಕೆ ತರಬೇತಿಗೆಂದು ಬಂದಿದ್ದ ಸಮರ್ಖಂಡದ ಇಬ್ಬರು ಟೀಚರುಗಳು ನನಗೆ ಪರಿಚಯವಾಗಿದ್ದರು. ನನ್ನನ್ನು ‘ಓಪಾ’ ಅನ್ನುತ್ತಿದ್ದರು, ಅಕ್ಕ ಎಂದು. ಹಬ್ಬಕ್ಕೆ ಗೋಧಿ ಮೊಳಕೆಯ ಸಿಹಿಯಡುಗೆ ಸುಮಲಕ್ ಮಾಡಬೇಕು, ಅದಕ್ಕೆ ರಾತ್ರಿಯಿಡೀ ಬೆಂಕಿ ಬೇಕು ಎಂದು ಅವರು ಅಂದಾಗ, ನಮ್ಮ ಮಾಳಿಗೆ ಇದೆಯಲ್ಲ ಅಂದೆ.

ಗೋಧಿ ನೆನೆಹಾಕಿ ಮೊಳಕೆ ಬರಿಸಿದರು. ಮೊಳಕೆ ಹಸಿರಾದರೆ ಕಹಿ. ಬಿಳಿ ಬೇರುಗಳು ಹೆಣೆದುಕೊಂಡು ಚಾಪೆಯಂತಾದ ಹೊತ್ತಿಗೇ ರುಬ್ಬಿ ಹಾಲು ಹಿಂಡಬೇಕು. ಅವರೂರಿನ ತಂಪಿನ ಲೆಕ್ಕ ಇಲ್ಲಿನ ಸೆಕೆಗೆ ಹೊಂದದೆ, ತಟ್ಟೆಗಳನ್ನೆಲ್ಲ ಫ್ರಿಜ್ಜಿಗೆ ಸಾಗಿಸಿದೆವು. ದೇಗು ಎಂಬ ದೊಡ್ಡ ಪಾತ್ರೆಯನ್ನು ಬಾಡಿಗೆಗೆ ತರಲು ಹೋದರೆ ಅಂಗಡಿಯವನು, ರಂಜಾನ್ ಇನ್ನೂ ದೂರವಿದೆ, ಈಗಲೇ ಹಲೀಮಾ ಎಂದು ಕೇಳಿದ. ಅವನ ಊಹೆ ಪೂರ್ತಿ ತಪ್ಪೇನಲ್ಲ. ಗೋಧಿ, ಮಾಂಸ ಕೂಡಿಸಿ ಬೇಯಿಸುವ ಹಲೀಮ್ ಅವರಲ್ಲೂ ನವ್ರೂಜಿಗೆ ಆಗುತ್ತದೆ, ಅದು ಗಂಡಸರ ಕೆಲಸ. ಸುಮಲಕ್ ಹೆಂಗಸರದು.

20ರ ಸಂಜೆ ಸೌದೆ ಹೊತ್ತಿಸಿದೆವು. ಎಣ್ಣೆ, ಗೋಧಿ ಹಾಲು, ಹಿಟ್ಟು, ಆಮೇಲೆ ತೊಳೆದ ನುಣುಪು ಕಲ್ಲುಗಳು. ತಳ ಹತ್ತಬಾರದೆಂದು ಕಲ್ಲು.

“ಕಲ್ಲು ಹಾಕಿ ಅಡಗಿ ಮಾಡ್ತಾರೇನವ್ವ? ಬೆಲ್ಲ ಎಲ್ಲದ?” ಬೀದರಿನಿಂದ ಬಂದಿದ್ದ ಅವ್ವ ಕೇಳಿದಳು. ಬೆಲ್ಲ ಬೇಡ, ಮೊಳಕೆಯ ಸಿಹಿಯೇ ಸಾಕು ಎಂದರೆ ನಂಬಲಿಲ್ಲ. ಆದರೂ ಸೌಟು ಹಿಡಿದಳು.

ನಡುರಾತ್ರಿ ಹಿರಿಯ ಟೀಚರು ಹೇಳಿದ್ದು ನನಗೆ ಇವತ್ತಿಗೂ ಮುಖ್ಯ. ಆಕೆಯ ಬಾಲ್ಯದಲ್ಲಿ, 1980ರ ದಶಕದ ನಡುವೆ, ಸೋವಿಯತ್ ಅಧಿಕಾರಿಗಳು ನವ್ರೂಜನ್ನು ಹಳೆಯ ಮೂಢಾಚಾರವೆಂದು ಹತ್ತಿಕ್ಕಿದರು. ಈದ್‌ಗಳಿಗಂತೂ ರಜೆಯೇ ಇರಲಿಲ್ಲ. ಆಕೆಯ ಅಜ್ಜಿ ಮಾತ್ರ ಅಂಗಳದ ಬಾಗಿಲು ಹಾಕಿಕೊಂಡು ದೇಗು ತಿರುವಿದಳು. 1991ರ ಸೆಪ್ಟೆಂಬರ್ 1 ಅವರ ಸ್ವಾತಂತ್ರ್ಯ ದಿನವಾಯಿತು. ಈಗ ನವ್ರೂಜೂ ಎರಡು ಈದ್‌ಗಳೂ ಸರ್ಕಾರಿ ರಜೆಗಳು. ಈಗ ಚೌಕಗಳಲ್ಲಿ ಕುಣಿತ, ಟಿವಿಯಲ್ಲಿ ಭಾಷಣ. ಹಬ್ಬವನ್ನು ಉಳಿಸಿದವರು ಬಾಗಿಲು ಹಾಕಿಕೊಂಡು ನಿದ್ದೆಗೆಟ್ಟ ಆ ಹೆಂಗಸರು ಎಂದೇ ನನ್ನ ನಂಬಿಕೆ.

ಅವ್ವನೂ ತನ್ನ ಸೆಪ್ಟೆಂಬರ್ ತೆಗೆದಳು. ದೇಶಕ್ಕೆ 1947ರಲ್ಲಿ ಸ್ವಾತಂತ್ರ್ಯ ಬಂದರೂ ಬೀದರ, ಕಲಬುರಗಿ, ರಾಯಚೂರು ನಿಜಾಮನ ಕೈಯಲ್ಲೇ ಇದ್ದವು. ಅವನು ಶರಣಾದದ್ದು 1948ರ ಸೆಪ್ಟೆಂಬರ್ 17ಕ್ಕೆ. ಆಗ ನಾನೊಂದು ಮಾತು ಸೇರಿಸಿದೆ: ಆ ನಿಜಾಮರ ಮೂಲಪುರುಷ ಖ್ವಾಜಾ ಆಬಿದ್ ಸಮರ್ಖಂಡದ ಕಡೆಯವನು. ಔರಂಗಜೇಬನ ಸೇನಾನಿಯಾಗಿ ಬಂದು 1687ರ ಗೋಲ್ಕೊಂಡ ಮುತ್ತಿಗೆಯಲ್ಲಿ ಗುಂಡೇಟಿಗೆ ಸತ್ತ. ಅವನ ಮೊಮ್ಮಗನೇ ಮೊದಲ ನಿಜಾಮ. ಟೀಚರು ಬೆರಗಾಗಿ ಕೈ ನಿಲ್ಲಿಸಿದರು.

“ನಿಲ್ಲಿಸಬ್ಯಾಡವ್ವ, ತಳ ಹತ್ತತದ,” ಅಂದಳು ಅವ್ವ. ಆ ಮಾತಿಗೆ ತರ್ಜುಮೆ ಬೇಕಾಗಲಿಲ್ಲ.

ಬೆಳಗಾಗುವಾಗ ಸುಮಲಕ್ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು. ಸಕ್ಕರೆಯ ಹರಳೂ ಇಲ್ಲದೆ ಸಿಹಿ. ಬೇವು ಬೆಲ್ಲ ಕೊಟ್ಟೆವು. ಕಿರಿಯ ಟೀಚರು ಮುಖ ಹಿಂಡಿ ನುಂಗಿ, ಇನ್ನೊಂದು ಚೂರು ಕೇಳಿದರು. ಬಟ್ಟಲಲ್ಲಿ ಕಲ್ಲು ಬಂದವರು ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬೇಕಂತೆ. ಕಲ್ಲು ಬಂದದ್ದು ಅವ್ವನಿಗೆ. ಆಕೆ ಗಟ್ಟಿಯಾಗಿಯೇ ಬೇಡಿದಳು: “ಈ ಹುಡಿಗ್ಯಾರು ಸುಖವಾಗಿ ತಮ್ಮ ಊರು ಮುಟ್ಟಲಿ.”

ಮರುವರ್ಷ ಯುಗಾದಿ ಏಪ್ರಿಲ್ 8ಕ್ಕೆ ಸರಿಯಿತು. ಮಾರ್ಚ್ 21ಕ್ಕೆ ನಾನೊಬ್ಬಳೇ ಚಿಕ್ಕ ಪಾತ್ರೆಯಲ್ಲಿ ಸುಮಲಕ್‌ಗೆ ಇಟ್ಟೆ. ಬೀದರಿನಿಂದ ಫೋನು ಬಂತು. ಅವ್ವ ಮೊದಲು ಕೇಳಿದ್ದೇ, “ಕಲ್ಲು ಹಾಕಿದಿ ಇಲ್ಲ?”