ಮೂಷಿಕನಿಗೂ ಒಂದು ವಾಹನ

ವಿನಾಯಕನಿಗೆ ಇಲಿ ವಾಹನವೆಂಬುದು ಮಕ್ಕಳಿಗೂ ಗೊತ್ತು. ಆದರೆ ಆ ಮೂಷಿಕನಿಗೇ ಒಂದು ವಾಹನ ಬೇಕೆನಿಸಿದರೆ ಏನಾದೀತು? ಅದನ್ನು ತಿಳಿಯಬೇಕಾದವರು ಸುಗ್ಗಿಯ ದಿನಗಳಲ್ಲಿ ಬೀದರ್ ತಾಲೂಕಿನ ಕಮಠಾಣದಂಥ ಊರಿನ ಹೊಲದಂಚಿನಲ್ಲಿ ನಾಲ್ಕು ದಿನ ಗಾಡಿ ನಿಲ್ಲಿಸಿದರೆ ಸಾಕು.

ಬೀದರ್ ಸೀಮೆಗೆ ಬರುವ ಪ್ರವಾಸಿಗನ ಕಣ್ಣಿಗೆ ಮೊದಲು ಬೀಳುವುದು ಕೆಂಪು ಜಂಬಿಟ್ಟಿಗೆಯ ನೆಲ. ಕಡಿಯುವಾಗ ಮೆತ್ತಗಿದ್ದು, ಗಾಳಿ ಸೋಕಿದ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಕೊರೆದೇ ಬೀದರಿನ ಕೋಟೆಗೆ ಮೂರು ಸಾಲಿನ ಕಂದಕ ತೋಡಿದ್ದಾರೆ. ಆನೆ ಕುದುರೆಗಳ ಸೈನ್ಯವನ್ನು ತಡೆಯಲು ಅಷ್ಟೆಲ್ಲ ಬೇಕಾಯಿತು. ಚಿಟ್ಟಿಲಿಯ ದಂಡಯಾತ್ರೆಗೋ ಪೆನ್ಸಿಲು ತೂರುವಷ್ಟು, ಅಂದರೆ ಸುಮಾರು 6 ಮಿಲಿಮೀಟರಿನ ಕಿಂಡಿಯೇ ಹೆಬ್ಬಾಗಿಲು!

ಹೆಸರು, ಉದ್ದು, ಸೋಯಾ ಮೊದಲು ಮನೆ ಸೇರುತ್ತವೆ. ಚಳಿಗಾಲಕ್ಕೆ ತೊಗರಿಯ ರಾಶಿಯೂ ಮುಗಿಯುತ್ತದೆ. ಹೊಲ ಬರಿದಾದೊಡನೆ ಇಲಿಗೆ ಅನ್ನವೂ ಇಲ್ಲ, ಮರೆಯೂ ಇಲ್ಲ. ಹಿಂದಿನ ಎತ್ತಿನ ಬಂಡಿಯಲ್ಲಿ ಅದಕ್ಕೆ ಅಡಗಲು ತಾವಿರಲಿಲ್ಲ. ಇಂದಿನ ಕ್ಯಾರವಾನಿನಲ್ಲಾದರೋ ಹಾಸಿಗೆಯ ಅಡಿ, ಬೀರುವಿನ ಹಿಂದು, ಗೋಡೆಯ ಪೊಳ್ಳು, ಬೆಚ್ಚನೆಯ ಎಂಜಿನ್ — ಎಲ್ಲವೂ ಅದಕ್ಕೆ ಸಿದ್ಧವಾದ ಬಿಡಾರಗಳೇ. ಇಲಿಯ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಿರುತ್ತದೆ. ಆದ್ದರಿಂದ ಕಡಿಯುವುದು ಅದಕ್ಕೆ ಚಟವಲ್ಲ, ಅನಿವಾರ್ಯ. ಅದು ವಿದ್ಯುತ್ ತಂತಿಯ ಹೊದಿಕೆಯನ್ನು ಕಡಿದರೆ ನಷ್ಟ ದುರಸ್ತಿಯ ಖರ್ಚಿಗೆ ಮುಗಿಯದೆ ಬೆಂಕಿಯ ಅಪಾಯದವರೆಗೂ ಹೋಗಬಹುದು. ಇಲಿಯ ಮೂತ್ರದಿಂದ ಹರಡುವ ಇಲಿಜ್ವರವೂ ಅಲಕ್ಷಿಸತಕ್ಕದ್ದಲ್ಲ.

ಇಂಥಲ್ಲಿ ಅನೇಕರಿಗೆ ಮೊದಲು ನೆನಪಾಗುವುದು ಪಾಷಾಣ. ಇಲಿಪಾಷಾಣವಾಗಿ ಬಳಕೆಯಲ್ಲಿರುವ ಸತುವಿನ ಫಾಸ್ಫೈಡು ಹೊಟ್ಟೆಯ ಆಮ್ಲದೊಡನೆ ಕೂಡಿ ವಿಷಾನಿಲವಾಗುತ್ತದೆ. ಅದು ಇಲಿಯ ಹೊಟ್ಟೆ, ಇದು ನಾಯಿಯ ಹೊಟ್ಟೆ ಎಂಬ ಭೇದವನ್ನು ವಿಷವು ಬಲ್ಲದೆ? ದನಕರುಗಳು ತಿರುಗಾಡುವ, ಮಕ್ಕಳು ಆಡುವ ಊರಂಚಿನಲ್ಲಿ ಅದನ್ನು ಚೆಲ್ಲುವುದು ಅತಿಥಿಯ ಲಕ್ಷಣವಲ್ಲ. ರಾತ್ರಿಯೆಲ್ಲ ಕೂಲಿ ಬೇಡದೆ ಇಲಿ ಹಿಡಿಯುವ ಗೂಬೆಗೂ ವಿಷದ ಇಲಿಯಿಂದ ಕೇಡುಂಟು. ಗಾಡಿಯ ಪೊಳ್ಳಿನೊಳಗೇ ಇಲಿ ಸತ್ತರಂತೂ ದಿನಗಟ್ಟಲೆ ದುರ್ನಾತ.

ಉಪಾಯ ಸರಳವಾಗಿದೆ. ಹೊರಡುವ ಮೊದಲು ಹಗಲಿನಲ್ಲಿ ಒಬ್ಬರು ಗಾಡಿಯೊಳಗೆ ಕತ್ತಲು ಮಾಡಿಕೊಂಡು ಕುಳಿತು, ಎಲ್ಲಿಂದ ಬೆಳಕು ತೂರುತ್ತದೆಂದು ನೋಡಬೇಕು. ನೀರಿನ ಕೊಳವೆ, ತಂತಿಗಳು ನೆಲವನ್ನು ಹಾಯುವ ಕಡೆ ಉಕ್ಕಿನ ನಾರನ್ನು ಒತ್ತಿ ತುಂಬಿ, ಮೇಲೆ ಸಣ್ಣ ಕಣ್ಣಿನ ಲೋಹದ ಜಾಲರಿ ಬಿಗಿಯಬೇಕು. ಗಾಳಿ ಆಡಲೆಂದು ಬಿಟ್ಟ ಕಿಂಡಿಯನ್ನು ಪೂರ್ತಿ ಮುಚ್ಚದೆ ಜಾಲರಿ ಹಾಕಿದರೆ ಸಾಕು. ಅಕ್ಕಿ, ಬೇಳೆ, ಬಿಸ್ಕತ್ತುಗಳು ಭದ್ರವಾದ ಮುಚ್ಚಳದ ಡಬ್ಬಿಯಲ್ಲಿರಲಿ. ರಾಶಿಯ ಕಣ, ಹೊಟ್ಟಿನ ಗುಡ್ಡೆ, ಪೊದೆಗಳಿಂದ ದೂರ ನಿಲ್ಲಿಸಬೇಕು. ನುಸಿಗುಳಿಗೆಯನ್ನು ನಂಬಿ ಕೂರಬಾರದು. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಮನುಷ್ಯನಿಗೇ ಕೆಟ್ಟದ್ದು. ಒಳಹೊಕ್ಕ ಒಂದೆರಡಕ್ಕೆ ಇಲಿಬೋನೇ ಸಾಕು. ಹಿಕ್ಕೆ ಕಂಡರೆ ಒಣಗಿದಂತೆಯೇ ಗುಡಿಸದೆ, ಬ್ಲೀಚಿಂಗ್ ನೀರಿನಿಂದ ತೋಯಿಸಿ, ಕೈಗವಸು ತೊಟ್ಟು ಒರೆಸಬೇಕು.

ಇಷ್ಟು ಮಾಡಿದ ಸಂಸಾರವು ಕಮಠಾಣದ ಬಯಲಲ್ಲಿ ನಿಶ್ಚಿಂತೆಯಿಂದ ಮಲಗಬಹುದು. ಹೊರಗೆ ಗೂಬೆ ತನ್ನ ಪಾಳಿಯನ್ನು ತಾನು ನೋಡಿಕೊಳ್ಳುತ್ತದೆ.